ಮೈಕು ನಿಂತ ಮನೆ

ನರಸಿಂಹರಾಜಪುರದಲ್ಲಿ ಕಲ್ಲೇಶಪ್ಪನ ದನಿ ಕೇಳದೆ ಬೆಳೆದವರಿಲ್ಲ. ಟಾಕೀಸಿಗೆ ಹೊಸ ಸಿನಿಮಾ ಬಂದರೆ ಅವನು, ಯಕ್ಷಗಾನದ ಮೇಳ ಬಂದರೆ ಅವನು. ಚುನಾವಣೆ ಬಂದರಂತೂ ಬೆಳಗ್ಗೆ ಒಂದು ಪಕ್ಷಕ್ಕೆ, ಮಧ್ಯಾಹ್ನ ಇನ್ನೊಂದಕ್ಕೆ ಅವನೇ ಕೂಗಬೇಕು. ಟಾಕೀಸು ಮುಚ್ಚಿ ಮದುವೆ ಛತ್ರವಾಯಿತು. ಸಿನಿಮಾ ಎಲ್ಲರ ಅಂಗೈಗೆ ಬಂತು. ಆದರೂ ಹಾಸಿಗೆ ಮಾರುವವರಿಗೆ, ಕಂದಾಯ ಕಟ್ಟಿ ಅನ್ನುವವರಿಗೆ ಕಲ್ಲೇಶಪ್ಪ ಬೇಕಾಗಿಯೇ ಇದ್ದ.

ಅವನದೊಂದು ಕಟ್ಟುನಿಟ್ಟಿತ್ತು. ಸಾವಾದ ಮನೆಯ ಮುಂದೆ ಮೈಕು ಕೂಗಬಾರದು. ಮನೆ ಹತ್ತಿರವಾದಂತೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ದಾಟಿದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಪೇಟೆಗೆ ಅದೇ ಸುದ್ದಿ. ನಾಯಕಿಯ ಹೆಸರು ಅರ್ಧಕ್ಕೆ ನಿಂತಿತೆಂದರೆ ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು, "ಯಾರ ಮನೇಲಿ?" ಎಂದು ಕೇಳುತ್ತಿದ್ದರು.

ಕೊನೆಕೊನೆಗೆ ಉಸಿರು ಸಾಲದಾಯಿತು. ದನಿಯನ್ನು ಪೆನ್‌ಡ್ರೈವಿಗೆ ತುಂಬಿಸಿ ಆಟೋದ ಕಾಂತೇಶನ ಕೈಗೆ ಕೊಟ್ಟು, "ಸಾವಿನ ಮನೆ ಬಂದ್ರೆ ಸ್ವಿಚ್ ಆರ್ಸು ಮಾರಾಯ, ಮರೀಬೇಡ" ಎಂದು ಹೇಳಿ ಕಳಿಸುತ್ತಿದ್ದ.

ಕಲ್ಲೇಶಪ್ಪ ತೀರಿಕೊಂಡ ದಿನ ಕಾಂತೇಶ ಕಡಹಿನಬೈಲಿನ ಕಡೆ ಹೋಗಿದ್ದ. ಅಲ್ಲಿ ಫೋನು ಹತ್ತಲಿಲ್ಲ. ಇತ್ತ ಜಗಲಿಯಲ್ಲಿ ಹಣೆತುಂಬ ವಿಭೂತಿ ಬಳಿದು ಕಲ್ಲೇಶಪ್ಪನನ್ನು ಕೂರಿಸಿದ್ದರು. ಹೆಂಡತಿ ನೀಲಾಂಬಿಕೆ ಪಕ್ಕದಲ್ಲಿದ್ದಳು. ಆಗ ಬೀದಿಯ ತಿರುವಿನಿಂದ ಅವನದೇ ದನಿ ಬಂತು: "ಹಳೆ ಹಾಸಿಗೆ ಕೊಡಿ, ಹೊಸ ಹಾಸಿಗೆ ಒಯ್ಯಿರಿ!" ಮನೆ ಮುಂದಿನ ಜನ ನೋಡಿದ ಮೇಲೆಯೇ ಕಾಂತೇಶನಿಗೆ ವಿಷಯ ಗೊತ್ತಾಯಿತು. ಗಾಬರಿಯಲ್ಲಿ ಸ್ವಿಚ್ ಆರಿಸುವ ಬದಲು ವಾಲ್ಯೂಮ್ ತಿರುವಿದ. ದನಿ ಇಮ್ಮಡಿಯಾಯಿತು. ಹೆಣದ ಮುಂದೆ ಹೆಣದ ದನಿಯೇ ಹಾಸಿಗೆ ಮಾರಿಕೊಂಡು ಹೋಯಿತು. ನಕ್ಕವರೂ ಇದ್ದರು. ನೀಲಾಂಬಿಕೆ ನಕ್ಕವರ ಮುಖಗಳನ್ನೆಲ್ಲ ಗುರುತಿಟ್ಟುಕೊಂಡಿದ್ದಳು.

ಮಗಳು ಗಾನವಿ ಬಾಳಗಡಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಅಪ್ಪ ಸತ್ತು ಕೆಲವು ತಿಂಗಳಾದ ಮೇಲೆ ಸೌಂಡ್ ಅಂಗಡಿಯ ರಾಜಶೇಖರ್ ಅವಳನ್ನು ಬಸ್‌ಸ್ಟಾಂಡಿನಲ್ಲಿ ಹಿಡಿದ.

"ನಿಮ್ಮಪ್ಪನ ಹಳೆ ಕ್ಯಾಸೆಟ್ ಇದ್ರೆ ಕೊಡು ಮಾರಾಯ್ತಿ. ಕಂಪ್ಯೂಟರಿಗೆ ಹಾಕಿದ್ರೆ ಆಯ್ತು, ನಾವು ಎಂತ ಟೈಪ್ ಮಾಡಿದ್ರೂ ಅವರ ದನೀಲೇ ಹೇಳುತ್ತೆ. ಊರಿಗೊಂದು ಗುರುತು ಉಳೀಲಿ."

ಉಳಿಯುವುದೆಂದರೆ ಗಾನವಿಗೆ ಆಸೆ. ಅವಳ ಪಾಠದಲ್ಲಿ ರಾಜರ ಶಾಸನಗಳಿದ್ದವು, ಒಬ್ಬ ರಾಜನ ದನಿಯೂ ಇರಲಿಲ್ಲ. ಕ್ಯಾಸೆಟ್ ಕೊಟ್ಟಳು. ಅಮ್ಮನನ್ನು ಕೇಳಲಿಲ್ಲ.

ಮೊದಲ ದಿನ ಆ ದನಿ ನಾಯಿಗಳಿಗೆ ಲಸಿಕೆ ಹಾಕಿಸಿ ಎಂದಿತು. ಕಲ್ಲೇಶಪ್ಪ ಬದುಕಿದ್ದಾಗ ಎಂದೂ ಹೇಳದ ಮಾತು. ನೀಲಾಂಬಿಕೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಕ್ಯಾಸೆಟ್ಟಿನ ಪೆಟ್ಟಿಗೆ ತೆರೆದು ನೋಡಿ, ಮಗಳ ಕಡೆ ತಿರುಗಿದಳು.

"ಹೆಣ ಕೂರಿಸಿದ್ದ ದಿನಾನೂ ಅವರನ್ನ ಕೂಗ್ಸಿದ್ರಿ. ಇನ್ನೂ ಬಿಡಲ್ವಾ?"

ಅಂದಿನಿಂದ ಅಮ್ಮ ಮಗಳ ಜೊತೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗಾನವಿ ಬೇಕೆಂದೇ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ದೂರಿ ನೋಡಿದಳು. ಉಪ್ಪಿನ ಭರಣಿ ಎದುರಿಗೆ ಬಂತು, ಅಷ್ಟೇ.

ಒಂದು ಭಾನುವಾರ ಮಧ್ಯಾಹ್ನ ಆಟೋ ಬಂತು. "ಬಾಳೆಹೊನ್ನೂರು ರಸ್ತೆಯಲ್ಲಿ ನೂತನವಾಗಿ ಆರಂಭ..." ಎನ್ನುತ್ತಿದ್ದ ದನಿ ಇವರ ಮನೆಯ ಗೇಟಿನ ಎದುರು ನಿಂತಿತು. ಆಟೋ ಮಾತ್ರ ನಿಲ್ಲಲಿಲ್ಲ. ತಿರುವು ದಾಟಿದ ಮೇಲೆ "...ವಾಗಿದೆ" ಎಂದು ದನಿ ಮತ್ತೆ ಶುರುವಾಯಿತು.

ಬೀದಿಯ ಬಾಗಿಲುಗಳು ತೆರೆದವು. ಮೊದಲು ಓಡಿ ಬಂದವಳು ಎದುರುಮನೆಯ ಯಲ್ಲಕ್ಕ. ಸೆರಗನ್ನು ಆಗಲೇ ಬಾಯಿಗೆ ಒತ್ತಿಕೊಂಡಿದ್ದಳು.

"ಅಯ್ಯೋ, ನೀಲಾಂಬಿಕಮ್ಮ, ನೀವು ಇದೀರಲ್ಲ!"

"ಇದೀನಿ. ಇರಬಾರ್ದಿತ್ತಾ?"

"ಹಂಗಲ್ಲ... ಮೈಕು ನಿಂತ್ಕಂತು."

"ನಿಲ್ಲಬೇಕಾದ ದಿನ ನಿಲ್ಲಲಿಲ್ಲ. ಇವತ್ತು ನಿಂತ್ರು. ಬನ್ನಿ, ಒಳಗೆ ಕೂತ್ಕಳಿ."

ಬಂದವರಿಗೆಲ್ಲ ನೀಲಾಂಬಿಕೆ ಚಾಪೆ ಹಾಕಿದಳು. ಗಂಡನ ಮಾತಾಡಿದಳು, ಸಾಕೆನಿಸುವಷ್ಟು ಅತ್ತಳು. ಎಲ್ಲರೊಡನೆ ಮಾತಾಡಿದವಳು ಮಗಳ ಕಡೆ ಮಾತ್ರ ತಿರುಗಲಿಲ್ಲ. ಗಾನವಿಗೆ ಬೇರೆಯೇ ಹೆದರಿಕೆ ಹತ್ತಿತ್ತು. ಅಪ್ಪನ ಸಾವಿಗೆ ಮೈಕು ಇಷ್ಟು ತಡವಾಗಿ ನಿಂತಿತೆಂದು ಅಮ್ಮ ನಂಬಿದ್ದಳು. ಆದರೆ ಆ ದನಿ ಯಾವತ್ತೂ ಹಳೆಯ ಸಾವಿಗೆ ನಿಂತದ್ದಿಲ್ಲ. ಹಾಗಾದರೆ ಈ ಮನೆಯಲ್ಲಿ ಈಗ ನಿಂತದ್ದು ಯಾರಿಗೆ?

ಅವಳು ನೇರ ಅಂಗಡಿಗೆ ಹೋದಳು. ಕಾಂತೇಶ ಅಲ್ಲೇ ಇದ್ದ.

"ದೇವರಾಣೆ ನಾನು ಮುಟ್ಲಿಲ್ಲ ಗಾನವಿಕ್ಕ. ಆವತ್ತು ಮುಟ್ಟಿ ಅನುಭವಿಸಿದ್ದೇ ಸಾಕು."

ರಾಜಶೇಖರ್ ವೈರು ಎಳೆದು ನೋಡಿದ, ಆಂಪ್ಲಿಫೈಯರ್ ಬಿಚ್ಚಿ ನೋಡಿದ. ಫೈಲನ್ನು ಮೊದಲಿಂದ ಕೊನೆತನಕ ಕೇಳಿಸಿದ. "ಆರಂಭವಾಗಿದೆ" ಎಂದು ಕಲ್ಲೇಶಪ್ಪ ಒಂದೇ ಉಸಿರಿಗೆ ಹೇಳಿದ. ಎಲ್ಲೂ ತುಂಡಿರಲಿಲ್ಲ.

"ಅಳಿಸಿಬಿಡಿ," ಎಂದಳು ಗಾನವಿ. "ಎಲ್ಲಾನೂ. ನನ್ನ ಮುಂದೆ."

ರಾಜಶೇಖರ್ ಗೊಣಗಿದ, ಆದರೆ ಅಳಿಸಿದ. ಕ್ಯಾಸೆಟ್‌ಗಳನ್ನು ವಾಪಸು ಕೊಟ್ಟ. ಗಾನವಿ ಅವನ್ನು ತಂದು ಅಮ್ಮನ ಪಕ್ಕದಲ್ಲಿಟ್ಟು, "ಇನ್ನು ಕೂಗಲ್ಲಮ್ಮ" ಎಂದಳು. ನೀಲಾಂಬಿಕೆ ಕ್ಯಾಸೆಟ್‌ಗಳನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಗೆ ಹಾಕಿದಳು. 

ಮರುದಿನ ಗಾನವಿ ಕಾಲೇಜಿಗೆ ರಜೆ ಹಾಕಿದಳು. ಸಂಜೆ ಆಟೋದ ಸದ್ದು ಕೇಳಿ ಗೇಟಿಗೆ ಬಂದಳು. ಈಗ ಕೊಪ್ಪದ ಹುಡುಗಿಯೊಬ್ಬಳ ದನಿ, ಚುರುಕಾದ ದನಿ. ಅಡಿಕೆ ಔಷಧಿಗೆ ರಿಯಾಯಿತಿ ಎಂದು ಹೇಳುತ್ತಾ ಬೀದಿಯುದ್ದಕ್ಕೂ ಬಂತು. ಗಾನವಿ ನಿರಾಳವಾಗಿ ಉಸಿರು ಬಿಟ್ಟಳು.

ಗೇಟಿನ ಎದುರಿಗೆ ಬಂದಾಗ ಆ ದನಿಯೂ ನಿಂತಿತು.

ಕಾಂತೇಶನ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಅವನು ಗಾನವಿಯ ಮುಖ ನೋಡಿದ, ಅವಳು ಅವನ ಕೈ ನೋಡಿದಳು. ಎದುರುಮನೆಯಲ್ಲಿ ಚಿಲಕ ಸರಿದ ಸದ್ದಾಯಿತು.

ಆಗ ಒಳಗಿನಿಂದ ಅಮ್ಮ ಕರೆದಳು. ಎಷ್ಟೋ ದಿನದ ಮೇಲೆ, ಏನೂ ಆಗಿಲ್ಲವೆಂಬಂತೆ, ಹೆಸರು ಹಿಡಿದು:

"ಗಾನವೀ, ಯಾರ ಮನೇಲೇ?"