ಸೊನ್ನೆ ಟಿಕೆಟ್ಟಿನ ಸ್ಟಾಪು

ಮತದಾನಕ್ಕೆ ಇನ್ನು ಹತ್ತು ದಿನ. ಸೇತುವೆಯ ಈಚೆ ದಡದ ಟೈಲರಮ್ಮ ವೋಟಿನ ಚೀಟಿಯಲ್ಲಿ ಗುಂಡಿಗಳನ್ನು ಪೊಟ್ಟಣ ಕಟ್ಟಿದ್ದಳು.

“ಇದೇನಮ್ಮಾ, ಚೀಟಿಗೆ ಈ ಗತಿ?” ಎಂದರು ಪಕ್ಕದ ಮನೆಯ ನಿವೃತ್ತ ಕಂಡಕ್ಟರ್.

“ಗುಂಡಿಗಾದ್ರೂ ಉಪಯೋಗ ಆಗ್ಲಿ, ಮಾವ. ಬಸ್ಸು, ಆಸ್ಪತ್ರೆ ಎಲ್ಲಾ ಆಚೆ ದಡಕ್ಕೆ. ನಮಗೆ ಬರೀ ಭಾಷಣ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸ್ಕೊಳ್ಳೋಕೆ ಅತ್ತೆ ಸೇತುವೆ ಪೂರ್ತಿ ನಡೀಬೇಕು. ಈ ವಾರ ಆಗಲ್ಲ ಅಂತ ಕೂತ್ಬಿಟ್ಟಿದ್ದಾರೆ. ಪಟ್ಟಿ ತಪ್ಪಿದ್ರೆ ಬೆರಳು ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು.”

“ಮೊದಲು ಈ ದಡಕ್ಕೂ ಬರ್ತಿದ್ದ ನಮ್ಮ ಬಸ್ಸು ಯಾಕೆ ನಿಂತುಹೋಯ್ತು, ಗೊತ್ತಾ?”

“ನಮ್ಮನ್ನ ಕಂಡ್ರೆ ಅಸಡ್ಡೆ.”

“ಅದೂ ಇರಬಹುದು. ನೀನು ಬಸ್ಸು ಎಲ್ಲಿ ಹತ್ತುತ್ತಿದ್ದೆ?”

“ಸೇತುವೆ ದಾಟಿ. ಅಲ್ಲಿ ಹತ್ತು ನಿಮಿಷಕ್ಕೊಂದು. ಇಲ್ಲಿ ಯಾರು ಕಾಯ್ತಾರೆ?”

“ಇಡೀ ಬೀದಿ ಹಾಗೇ ಮಾಡ್ತು. ಟಿಕೆಟ್ ಎಲ್ಲಿ ಹರಿದ್ರೋ ಲೆಕ್ಕ ಅಲ್ಲಿಗೇ. ನಮ್ಮ ಸ್ಟಾಪಿನ ಮುಂದೆ ದಿನಾ ಸೊನ್ನೆ.”

“ಅಯ್ಯೋ! ಕಾಲು ಸವೆಸಿದ್ದು ನಾವು, ಲೆಕ್ಕ ಅವರದ್ದಾ?”

“ನಿಮ್ಮತ್ತೆ ಮನೇಲಿ ಕೂತ್ರೂ ಸೊನ್ನೆ, ನೀನು ವೋಟು ಹಾಕದಿದ್ರೂ ಸೊನ್ನೆ. ಸೊನ್ನೆಗೆ ಯಾರಮ್ಮಾ ಹೆದರ್ತಾರೆ?”

ಟೈಲರಮ್ಮ ಅಳತೆ ಪುಸ್ತಕದ ಹೊಸ ಹಾಳೆ ತೆಗೆದಳು. ಸೇತುವೆ ದಾಟುವವರು ಯಾರು, ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ಎಂದು ವಾರವಿಡೀ ಬರೆದಳು. ಒಟ್ಟು ಇನ್ನೂರ ಹನ್ನೆರಡು ಸಲ. ವೋಟು ಕೇಳಲು ಬಂದ ಮೂವರ ಮುಂದೆಯೂ ಆ ಹಾಳೆ ಹಿಡಿದಳು. ಮತದಾನದ ದಿನ ಚೀಟಿಗೆ ಇಸ್ತ್ರಿ ಹಾಕಿಕೊಂಡು ಹೋದಳು. ಆಮೇಲೆ ಬೀದಿಯವರೆಲ್ಲ ಸಹಿ ಹಾಕಿ ವಾರ್ಡ್ ಸಭೆಗೆ ಅರ್ಜಿ ಕೊಟ್ಟು, ರಸೀದಿ ಪಡೆದರು. ಅಷ್ಟು ದಿನವೂ ಅತ್ತೆಯನ್ನು ಕಂಡಕ್ಟರ್ ಮಾವನ ಸ್ಕೂಟರ್ ಆಸ್ಪತ್ರೆಗೆ ಮುಟ್ಟಿಸಿತು.

ಎರಡು ತಿಂಗಳಿಗೆ ಬಸ್ಸು ಬಂತು. ಬೆಳಿಗ್ಗೆ ಒಂದು, ಸಂಜೆ ಒಂದು, ಸದ್ಯಕ್ಕೆ ಪ್ರಯೋಗವಾಗಿ. ವೋಟಿನಿಂದ ಬಂತೋ ಅರ್ಜಿಯಿಂದಲೋ ಹೇಳುವುದು ಕಷ್ಟ. ಎರಡೂ ಇಲ್ಲದಿದ್ದಾಗ ಬಂದಿರಲಿಲ್ಲ, ಅಷ್ಟು ಖಚಿತ.

ಮೊದಲ ದಿನ ಬೀದಿಗೆ ಬೀದಿಯೇ ಸ್ಟಾಪಿನಲ್ಲಿ ಕಾಯಿತು. ಹುಣ್ಣು ಮಾಯುತ್ತಿದ್ದ ಕಾಲನ್ನು ಅತ್ತೆ ನಿಧಾನವಾಗಿ ಮೆಟ್ಟಿಲ ಮೇಲಿಟ್ಟರು.

“ಎಲ್ಲಿಂದಮ್ಮಾ?” ಎಂದ ಹೊಸ ಕಂಡಕ್ಟರ್.

“ಈಚೆ ದಡದಿಂದಪ್ಪಾ. ಸರಿಯಾಗಿ ಬರ್ಕೋ.” ಕಿಟಕಿಯಾಚೆ ನಿಂತಿದ್ದ ಹಳೆಯ ಕಂಡಕ್ಟರಿಗೆ ಅವರು ಎರಡೂ ಕೈ ಮುಗಿದರು. “ನಿನ್ನಿಂದ ಬೆರಳು ಉಳೀತು, ತಮ್ಮಾ.”

ನಿಮ್ಮ ಬೀದಿಗೂ ಏನೋ ಬರಬೇಕಿದೆಯೇ? ಸಿಟ್ಟು ನ್ಯಾಯವಾದದ್ದೇ. ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ಬರೆಯಿರಿ, ಸಭೆಗೆ ಹೋಗಿ, ರಸೀದಿ ಕೇಳಿ, ವೋಟು ಹಾಕಿ. ನಿಮ್ಮ ಸ್ಟಾಪಿನಲ್ಲೇ ಹತ್ತಿ.