ಕಾಗದದಲ್ಲಿಲ್ಲದ ಸ್ಲ್ಯಾಬ್

“ಏ ತಾಯವ್ವಾ, ಹೆಣಾ ಹೊತ್ತವರಂಗ ಬರ್ತೀಯಲ್ಲ ನಿಮ್ಮೌನ! ಕಾಂಕ್ರೀಟ್ ಒಣಗಿದ್ರ ನಿಮ್ಮಪ್ಪ ಕೊಡ್ತಾನೇನ ಸಿಮೆಂಟ?”

ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಗುರಣ್ಣ ಸಾವ್ಕಾರ ಕೂಗಿದ. ಸಿಮೆಂಟು ಅವನದಲ್ಲ, ಸ್ಲ್ಯಾಬ್ ಹಾಕಿಸುತ್ತಿದ್ದವಳು ಮಹಾನಂದಾ. ಆದರೂ ಬೈಯುವ ಹಕ್ಕನ್ನು ಅವನಿನ್ನೂ ಮಾರಿರಲಿಲ್ಲ. ತಾಯವ್ವ ಬುಟ್ಟಿ ಹೊತ್ತು ಏಣಿ ಏರಿದಳು. ಅವಳ ಹೊಟ್ಟೆ ಉರಿದದ್ದು ಬೈಗುಳಕ್ಕಲ್ಲ, ಮೇಲೆ ನಿಂತ ಮಹಾನಂದಾ “ಇಲ್ಲಿ ಸುರವು ಬೇ” ಎಂದು ಬೆರಳು ತೋರಿಸಿದ್ದಕ್ಕೆ.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಈ ಮೂರು ತಗಡಿನ ಖೋಲಿಗಳಲ್ಲಿ ಇಬ್ಬರೂ ಬಾಡಿಗೆಗಿದ್ದವರು. ಒಂದೇ ಗೌಂಡಿಯ ಕೈಕೆಳಗೆ ಬುಟ್ಟಿ ಹೊತ್ತವರು, ಒಂದೇ ನಳಕ್ಕೆ ಕೊಡ ಹಚ್ಚಿ ಜಗಳಾಡಿದವರು. ಹೋದ ವರ್ಷ ಮಾಲೀಕ, ಟಿಕೋಟಾದ ಗುರಣ್ಣ ಮೂರೂ ಖೋಲಿ ಮಾರುತ್ತೇನೆಂದಾಗ ಮೊದಲು ಹೋಗಿ ಕೇಳಿದವಳು ತಾಯವ್ವ. ಇಂಥವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲವೆಂದು ಗೊತ್ತಿದ್ದ ಅವನು ತಾನೇ ಕಂತಿನ ಮೇಲೆ ಕೊಡುತ್ತಿದ್ದ. ಅರ್ಧ ರೊಕ್ಕ ಮುಂಗಡ, ಉಳಿದದ್ದು ತಿಂಗಳ ತಿಂಗಳ. ಪೂರ್ತಿ ತೀರುವ ತನಕ ಕಾಗದ ಅವನ ಹೆಸರಲ್ಲೇ. ಒಂದು ಕಂತು ತಪ್ಪಿದರೆ ಖೋಲಿ ವಾಪಸ್ಸು, ಕೊಟ್ಟದ್ದೆಲ್ಲ ಗೋತಾ, ಒಂದು ಪೈಸೆಯೂ ತಿರುಗಿ ಸಿಗದು.

“ನಿಮ್ಮ ಕೇರಿ ಮಂದಿಗೆ ಕಂತ ಇಲ್ಲವಾ,” ಎಂದು ನಕ್ಕಿದ್ದ. “ನಾಳೆ ಕಂತ ಕೇಳಾಕ ಬಂದ್ರ ಜಾತಿ ಹಿಡದ ಬೈದ್ರು ಅಂತ ಕೇಸ್ ಹಾಕ್ತೀರಿ. ಪೂರಾ ರೊಕ್ಕ ಒಮ್ಮೆ ತಂದಿಡು.”

ಕಂತು ಸಿಕ್ಕಿದ್ದು ಕುರಿ ಕಾಯುವವರ ಮನೆಯ ಮಹಾನಂದಾಳಿಗೆ. ಅಂದಿನಿಂದ ತಾಯವ್ವ ಬಾಡಿಗೆಯನ್ನು ಅವಳ ಕೈಗೇ ಇಡಬೇಕಾಗಿತ್ತು. ಈಗ ಮುಂದಿನ ಎರಡು ಖೋಲಿಗೆ ಸ್ಲ್ಯಾಬ್. ತಾಯವ್ವನಿರುವ ಹಿಂದಿನದಕ್ಕೆ ಅದೇ ತಗಡು.

ಬುಟ್ಟಿ ಇಳಿಸಿ ಬಂದಾಗ ಮಹಾನಂದಾ ಗುರಣ್ಣನೆದುರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

“ಸಾವ್ಕಾರ್ರ, ಇದ್ದದ್ದೆಲ್ಲಾ ಸ್ಲ್ಯಾಬಿಗೇ ಹೋತ್ರಿ. ಈ ತಿಂಗಳ ಕಂತ...”

“ಇರ್ಲಿ ಬಿಡವಾ. ಮುಂದಿನ ತಿಂಗಳ ಎರಡೂ ಕೂಡೇ ಕೊಡು. ನಿಂದ ಅಲ್ಲೇನ ಮನಿ?”

ಇಷ್ಟು ಮೆತ್ತಗಿನ ಮಾತನ್ನು ಯಾವ ಸಾವ್ಕಾರನೂ ತಾಯವ್ವನಿಗೆ ಆಡಿರಲಿಲ್ಲ. ಈ ಸ್ಲ್ಯಾಬ್ ಬಿದ್ದು ಹೋಗಲಿ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತ ಮುಂದಿನ ಬುಟ್ಟಿ ಹೊತ್ತಳು.

ಮೂರನೇ ದಿನ ಮುಂಜಾನೆ ಗುರಣ್ಣ ಇಬ್ಬರು ಆಳುಗಳ ಜೊತೆ ಬಂದ. ಸ್ಲ್ಯಾಬ್ ಇನ್ನೂ ಹಸಿ. ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದರು, ಕೆಳಗೆ ಹಲಗೆಗಳಿಗೆ ಕಂಬ ಕೊಟ್ಟಿದ್ದರು.

“ತಾರೀಖ ದಾಟೈತಿ, ಕಂತ ಬಂದಿಲ್ಲ. ಜಾಗಾ ಬಿಡು.”

“ನೀವ ಇರ್ಲಿ ಅಂದಿದ್ರೆಲ್ರೀ!” ಮಹಾನಂದಾ ಚೀರಿದಳು.

“ಕಾಗದದಾಗ ಬರದೈತೇನ? ಯಾರ ಕೇಳ್ಯಾರ?”

ಆಳುಗಳು ಅಂಗಳದ ತಾಡಪತ್ರಿಯ ಕೆಳಗಿದ್ದ ಮಹಾನಂದಾಳ ಪಾತ್ರೆ, ಹಾಸಿಗೆಗಳನ್ನು ಓಣಿಗೆ ಎಸೆಯತೊಡಗಿದರು. ತಾಯವ್ವನಿಗೆ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಅವಳು ಕಣ್ತುಂಬ ನೋಡಿದಳು.

ಗುರಣ್ಣ ಅವಳನ್ನು ಬದಿಗೆ ಕರೆದ. “ನೀ ಏನೂ ಕೇಳಿಲ್ಲ. ಈ ಸರ್ತಿ ಖೋಲಿ ನೀನ ತಗೋ, ಕಂತಿನ ಮ್ಯಾಗ. ಸ್ಲ್ಯಾಬ್ ಬಂದೈತಿ, ರೇಟ ಒಂದೀಟ ಹೆಚ್ಚ.”

“ನಮ್ಮ ಕೇರಿಯವರಿಗೆ ಕಂತ ಇಲ್ಲ ಅಂದಿದ್ರೀ?”

“ಅದು ಹೋದ ವರ್ಷದ ಮಾತ. ಏ, ದೂರ ನಿಂತ ಮಾತಾಡ.”

ವರ್ಷವಿಡೀ ಬಯಸಿದ್ದು ಕೈಗೆ ಬಂದಿತ್ತು. ತಾಯವ್ವ ದೂರ ನಿಂತು ಸ್ಲ್ಯಾಬ್ ನೋಡಿದಳು. ನಾಳೆ ತಾನೂ ಏನಾದರೂ ಕಟ್ಟಿಸುತ್ತಾಳೆ, ಒಂದು ಸಂಡಾಸವನ್ನಾದರೂ. ಇವನು ಬಂದು ನೆರಳಿಗೆ ಕುರ್ಚಿ ಹಾಕಿಸಿಕೊಳ್ಳುತ್ತಾನೆ, ಇರ್ಲಿ ಬಿಡವಾ ಎನ್ನುತ್ತಾನೆ.

“ನಾ ಕೇಳೇನ್ರೀ,” ಎಂದಳು, ಓಣಿಗೆಲ್ಲ ಕೇಳುವಂತೆ. “ಎರಡೂ ಕೂಡೇ ಕೊಡು ಅಂದ್ರಿ. ಈ ಕಿವೀಲೆ ಕೇಳೇನಿ.”

“ಥೂ ಬೋಸುಡಿ! ಕುಂಡಿ ತೊಳಕೊಳ್ಳಾಕ ನೀರಿಲ್ಲ, ಸಾಕ್ಷಿ ಹೇಳಾಕ ಬಂದಾಳ! ನಿನ್ನ ಮಾತ ಯಾವನ್ ನಂಬ್ತಾನ?”

ತಾಯವ್ವ ಅಂಗಳದಲ್ಲಿ ಬಿದ್ದಿದ್ದ ಹಗ್ಗ ಎತ್ತಿಕೊಂಡು ಸ್ಲ್ಯಾಬಿನ ಕೆಳಗೆ ಹೋದಳು. ನಡುವಿನ ಕಂಬದ ಬುಡಕ್ಕೆ ಕಟ್ಟಿ ಹೊರಗೆ ಬಂದಳು.

“ಏ, ಏನ್ ಮಾಡಾಕತ್ತೀಯಲೇ?”

“ತಗಡಿನ ಖೋಲಿ ಮಾರಿದ್ರಿ, ತಗಡ ಅಲ್ಲೇ ಬಿದ್ದೈತಿ, ಒಯ್ರಿ. ಸ್ಲ್ಯಾಬ್ ನಿಮ್ಮ ಕಾಗದದಾಗ ಬರದಿಲ್ಲ.”

ಮಹಾನಂದಾ ಓಡಿಬಂದು ಅವಳ ರಟ್ಟೆ ಹಿಡಿದಳು. “ಬ್ಯಾಡ ಬೇ! ನನ್ನ ಜೀವಾ ಐತಿ ಅದರಾಗ.”

“ನನ್ನ ಹೊಟ್ಟಿಕಿಚ್ಚೂ ಐತಿ. ನಿನಗ ಸಿಕ್ಕಿದ್ದ ನೋಡಿ ಸತ್ತೇನಿ, ಇವಂಗ ಸಿಕ್ಕಿದ್ದ ನೋಡಂಗಿಲ್ಲ. ಹಿಡಿ.”

ಮಹಾನಂದಾ ಓಣಿಯಲ್ಲಿ ಬಿದ್ದ ತನ್ನ ಹಾಸಿಗೆ ನೋಡಿದಳು. ಅಂಗೈಗಳನ್ನು ಸೀರೆಗೆ ಒರೆಸಿಕೊಂಡು ಹಗ್ಗ ಹಿಡಿದಳು. ಇಬ್ಬರೂ ಎಳೆದರು.

ಕಂಬ ಉರುಳಿತು. ಸ್ಲ್ಯಾಬ್ ಬೀಳಲಿಲ್ಲ. ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕತೊಡಗಿತು. ಗುರಣ್ಣ ಅಯ್ಯಯ್ಯೋ ಎನ್ನುತ್ತ ಕಂಬ ಎತ್ತಿ ನಿಲ್ಲಿಸಲು ಆಳುಗಳನ್ನು ಒಳಗೆ ದಬ್ಬಿದ. ಅವರು ಮೇಲೆ ನೋಡಿ ಹಿಂದೆ ಸರಿದರು.

ತಾಯವ್ವ ಹಗ್ಗ ಬಿಚ್ಚಿಕೊಂಡಳು. ತಲೆಯ ಮೇಲೆ ನೀರು ಬೀಳುತ್ತಿರಲು, ಎರಡನೇ ಕಂಬಕ್ಕೆ ಕಟ್ಟಲು ಬಗ್ಗಿ ಒಳಗೆ ಹೋದಳು.