ಸರಕಿನ ಗಾಡಿಯಲ್ಲಿ ದಿಬ್ಬಣ ಹೋಗುವುದಿಲ್ಲ

ಅಂಗಳಕ್ಕೆ ಗಾಡಿ ಬಂದ ಮನೆಗೆ ನೆಂಟರು ತಾವಾಗಿ ಹೆಚ್ಚುತ್ತಾರೆ. ಇದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳ್ಳಾರೆಯ ಪೂವಮ್ಮನ ಮಗ ರೂಪೇಶ್ ಸಣ್ಣದೊಂದು ಸರಕು ವ್ಯಾನು ಕೊಂಡದ್ದೇ ತಡ, ವರ್ಷಗಟ್ಟಲೆ ಮುಖ ತೋರಿಸದವರೂ ಬಂದು ಚಾ ಕುಡಿದು ಹೋದರು. ಒಬ್ಬರಿಗೆ ಕೆಲಸದಾಳುಗಳನ್ನು ಕರೆತರಬೇಕಿತ್ತು, ಇನ್ನೊಬ್ಬರಿಗೆ ಮನೆಮಂದಿಯೆಲ್ಲ ಸೀಮಂತಕ್ಕೆ ಹೋಗಬೇಕಿತ್ತು. ರೂಪೇಶ್ ಎಲ್ಲರಿಗೂ ನಗುತ್ತಲೇ ಇಲ್ಲ ಎಂದ.

ಅವನು ಸುಳ್ಯದ ಅಂಗಡಿಯೊಂದರ ಗಾಡಿ ಓಡಿಸಿ ಕೈ ಪಳಗಿದವನು. ಸ್ವಂತದ್ದು ಮಾಡುವಾಗ ಅವಸರ ಪಡಲಿಲ್ಲ. ಕಲ್ಲುಗುಂಡಿಯ ಗೆಳೆಯ ಹಕೀಮ್ ಬಹಳ ಕಾಲದಿಂದ ತಾನೇ ಧಣಿ, ತಾನೇ ಡ್ರೈವರ್ ಆಗಿ ವ್ಯಾನು ಓಡಿಸುತ್ತಿದ್ದ. ಅವನ ಮಾತು ಕೇಳಿ ರೂಪೇಶ್ ಮೊದಲು ಬಾಡಿಗೆ ಹುಡುಕಿದ, ಆಮೇಲೆ ಗಾಡಿ ಹುಡುಕಿದ. ಹೋಗುವಾಗ ಪುತ್ತೂರಿಗೆ ತೆಂಗಿನಕಾಯಿ, ಬರುವಾಗ ಖಾಲಿ ಬಾರದೆ ಬೆಳ್ಳಾರೆಯ ಅಂಗಡಿಗಳಿಗೆ ದಿನಸಿ. ಇಷ್ಟು ಗಟ್ಟಿಯಾದ ಮೇಲೆಯೇ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು. ಹಳದಿ ಬೋರ್ಡು, ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲ ಸರಿಯಿತ್ತು.

ಸರಿಯಿಲ್ಲದ್ದು ಒಂದೇ, ಪೂವಮ್ಮ ಕೊಟ್ಟು ಬಂದ ಮಾತು.

ಕಡಬದಲ್ಲಿ ಅವರ ಅಣ್ಣ ಅಚ್ಚುತ. ಅಣ್ಣನ ಮಗ ಹರಿಪ್ರಸಾದನ ಮದುವೆ ಪುತ್ತೂರಿನ ಹಾಲ್‌ನಲ್ಲಿ ನಿಶ್ಚಯವಾಗಿತ್ತು. ದಿಬ್ಬಣಕ್ಕೆ ಬಸ್ಸು ಗೊತ್ತುಮಾಡಲು ಹೊರಟಿದ್ದ ಅಣ್ಣನನ್ನು ಪೂವಮ್ಮನೇ ತಡೆದರು. "ಬಸ್ಸು ಎಂತಕ್ಕೆ ಅಣ್ಣ? ನಮ್ಮದೇ ಗಾಡಿ ಉಂಟಲ್ಲ," ಎಂದರು. ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಹೆಂಗಸರೂ ಸುಖವಾಗಿ ಕೂರಬಹುದು ಎಂದು ಅತ್ತಿಗೆಗೆ ಧೈರ್ಯವನ್ನೂ ಹೇಳಿದರು.

ಅವರನ್ನು ಬೈದು ಪ್ರಯೋಜನವಿಲ್ಲ. ಗಂಡ ತೀರಿಕೊಂಡಂದಿನಿಂದ ಪೂವಮ್ಮ ತವರಿಗೆ ಹೋದದ್ದೆಲ್ಲ ಕೈ ಚಾಚಲಿಕ್ಕೇ. ಮಗನ ಶಾಲೆಗೂ ಅಣ್ಣನೇ, ಮನೆಯ ಮಾಡಿಗೆ ಹಂಚು ಹೊದೆಸಲಿಕ್ಕೂ ಅಣ್ಣನೇ. ಒಂದು ದಿನವೂ ಅವರು ಇಲ್ಲ ಎಂದದ್ದಿಲ್ಲ. ಈಗ ಮೊದಲ ಬಾರಿಗೆ ಅಣ್ಣನಿಗೆ ಕೊಡಲು ತನ್ನಲ್ಲೂ ಏನೋ ಉಂಟು ಎಂದು ಪೂವಮ್ಮನಿಗೆ ಅಳುವಷ್ಟು ಸಂತೋಷವಾಗಿತ್ತು.

ರೂಪೇಶ್ ಒಪ್ಪಲಿಲ್ಲ. "ಅವ್ವ, ಅದು ಸರಕಿನ ಗಾಡಿ. ಅದರಲ್ಲಿ ಜನ ತುಂಬಿಸುದಕ್ಕೆ ಇಲ್ಲ," ಎಂದ. ಮಾವನ ಋಣ ಇಷ್ಟು ಬೇಗ ಮರೆತುಹೋಯಿತಾ ಎಂದು ಕೇಳಿ ಪೂವಮ್ಮ ಮಾತು ಬಿಟ್ಟರು. ಅನ್ನ ಬಡಿಸುವುದು, ಮುಖ ತಿರುಗಿಸಿ ಹೋಗುವುದು. ಮನೆಯಲ್ಲಿ ಇಬ್ಬರೇ ಇರುವಾಗ ಒಬ್ಬರು ಮಾತು ಬಿಟ್ಟರೆ ಇನ್ನೊಬ್ಬನ ಗತಿ ಏನು ಹೇಳಿ!

ವಿಷಯ ತಿಳಿದು ಹಕೀಮ್ ಬಂದ. ಕೊಟ್ಟ ಚಾ ಮುಗಿಸಿ ನಿಧಾನವಾಗಿ ಮಾತು ತೆಗೆದ. "ಅಕ್ಕ, ಹಿಂದೆ ಕೂತವರಿಗೆ ಎಂತಾದ್ರೂ ಆದ್ರೆ ಗಾಡಿಯ ಇನ್ಶೂರೆನ್ಸ್ ಕೈ ಹಿಡಿಯುದಿಲ್ಲ. ಕೇಸು ರೂಪೇಶನ ಮೇಲೆ, ಪರಿಹಾರ ರೂಪೇಶನ ತಲೆಗೆ. ಗಾಡಿ ಮಾರಿದ್ರೂ ಮುಗಿಯುದಿಲ್ಲ." ತನ್ನ ಹೆಂಡತಿ ಮುಫೀದಾಳ ಮನೆಯವರಿಗೂ ತಾನು ಹೀಗೇ ಇಲ್ಲ ಎಂದಿದ್ದೆ, ಅವರು ಹಬ್ಬಕ್ಕೂ ಕರೆಯಲಿಲ್ಲ, ಆಮೇಲೆ ತಾವಾಗಿ ಸರಿಹೋದರು ಎಂದೂ ಹೇಳಿದ.

ಪೂವಮ್ಮ ಬಗ್ಗಲಿಲ್ಲ. ತನ್ನ ಮದುವೆಯ ದಿಬ್ಬಣ ಲಾರಿಯಲ್ಲೇ ಬಂದದ್ದು, ಯಾರು ಸತ್ತರು ಎಂದು ತಿರುಗಿ ಕೇಳಿದರು.

"ಯಾರೂ ಸಾಯಲಿಲ್ಲ, ಅದು ನಿಮ್ಮ ಪುಣ್ಯ ಅಕ್ಕ," ಎಂದ ಹಕೀಮ್. "ಪುಣ್ಯ ನಂಬಿ ಬ್ರೇಕ್ ಹಾಕ್ಲಿಕ್ಕೆ ಆಗ್ತದಾ?"

ಕಾನೂನು ಕಾನೂನೇ, ತವರು ತವರೇ ಎಂದು ಪೂವಮ್ಮ ಒಳಗೆ ಹೋದರು.

ಮರುದಿನ ಅವರ ಮನೆಯದೇ ತೆಂಗಿನಕಾಯಿ ಪುತ್ತೂರಿಗೆ ಹೋಗುವುದಿತ್ತು. ಮದುವೆಗೆ ಸೀರೆಯೂ ಆಗಬೇಕಿತ್ತು. ಸರಕಿನ ಯಜಮಾನರಿಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಜಾಗ ಉಂಟು, ಹಾಗಾಗಿ ಪೂವಮ್ಮ ಹತ್ತಿ ಕುಳಿತರು. ಮುಖ ಮಾತ್ರ ಕಿಟಕಿಯ ಕಡೆಗೆ.

ತಿರುವೊಂದು ಕಳೆಯುತ್ತಲೇ ದನವೊಂದು ರಸ್ತೆಗೆ ನುಗ್ಗಿತು. ರೂಪೇಶ್ ಬ್ರೇಕ್ ಒತ್ತಿದ. ಬೆನ್ನ ಹಿಂದೆ ಗೋಡೆ ಬಿದ್ದಂತೆ ಸದ್ದಾಯಿತು. ದನಕ್ಕೆ ಏನೂ ಆಗಲಿಲ್ಲ, ಅದು ಬಾಲ ಬೀಸಿ ಹೋಯಿತು.

ಇಳಿದು ನೋಡಿದರೆ, ಬಿಗಿದು ಕಟ್ಟಿದ್ದ ಗೋಣಿಗಳೆಲ್ಲ ಜಾರಿ ಬಂದು ಮುಂದಿನ ತಗಡಿಗೆ ಬಡಿದಿದ್ದವು. ಒಂದು ಗೋಣಿ ಹರಿದು ಕಾಯಿಗಳು ರಸ್ತೆಗೆ ಹಾರಿದ್ದವು, ಕೆಲವು ಒಡೆದು ನೀರು ಸೋರುತ್ತಿತ್ತು. ರೂಪೇಶ್ ಬಗ್ಗಿ ಹೆಕ್ಕುತ್ತಿದ್ದ. ಪೂವಮ್ಮ ಗೋಣಿಗಳು ಬಡಿದ ಜಾಗವನ್ನೇ ನೋಡುತ್ತ ನಿಂತರು. ಅಲ್ಲೇ ಅಲ್ಲವೇ ಅವರು ಮನಸ್ಸಿನಲ್ಲಿ ಕುರ್ಚಿ ಹಾಕಿ ಅತ್ತಿಗೆಯನ್ನು ಕೂರಿಸಿದ್ದು!

"ಹಗ್ಗ ಕಟ್ಟಿದ ಗೋಣಿಯೇ ನಿಲ್ಲಲಿಲ್ಲ ಮಗ," ಎಂದರು. "ಅತ್ತಿಗೆಯನ್ನು ನಾನು ಯಾವ ಹಗ್ಗದಲ್ಲಿ ಕಟ್ಟುದು?"

ಸೀರೆ ಅಂಗಡಿಗೆ ಹೋಗುವ ಮನಸ್ಸು ಅವರಿಗಿರಲಿಲ್ಲ. ಕಾಯಿ ಇಳಿಸಿದ ಮೇಲೆ ಪುತ್ತೂರಿನಿಂದಲೇ ಕಡಬದ ಬಸ್ಸು ಹತ್ತಿದರು. ತಾನು ಬರಲೇ ಎಂದು ರೂಪೇಶ್ ಕೇಳಿದ. ಮಾತು ಕೊಟ್ಟವಳು ನಾನು, ಹೇಳಬೇಕಾದವಳೂ ನಾನೇ ಎಂದರು.

ಅಚ್ಚುತ ಜಗಲಿಯಲ್ಲೇ ಇದ್ದರು. ಗಾಡಿ ಬರುವುದಿಲ್ಲ ಎಂದು ಕೇಳಿದ್ದೇ ಅವರ ಮುಖ ಸಣ್ಣದಾಯಿತು. "ನಿನ್ನ ಮಗನಿಗೆ ದೊಡ್ಡಸ್ತಿಕೆ ಬಂತು ಅಂತ ಹೇಳು," ಎಂದರು.

ಅಣ್ಣನಿಗೆ ಎಂದೂ ಎದುರು ಮಾತಾಡದ ಪೂವಮ್ಮ ಅಂದು ಮಾತಾಡಿದರು. "ದೊಡ್ಡಸ್ತಿಕೆ ಅಲ್ಲ ಅಣ್ಣ. ನೀವು ಯಾರೂ ಅವನಿಗೆ ಸರಕಲ್ಲ. ನಾನು ಕೊಡಬೇಕು ಅಂತ ಆಸೆಪಟ್ಟದ್ದು ಹೌದು. ಆದರೆ ನಿಮ್ಮ ಮನೆಯವರ ಜೀವ ಅಪಾಯಕ್ಕೆ ಹಾಕಿ ನಾನು ಎಂತ ಕೊಟ್ಟ ಹಾಗಾಯ್ತು?" ಆಮೇಲೆ ದಾರಿಯಲ್ಲಿ ಆದದ್ದನ್ನೆಲ್ಲ ಹೇಳಿದರು. ಹೇಳುತ್ತ ಅತ್ತುಬಿಟ್ಟರು.

ಅಚ್ಚುತ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕುಳಿತರು. ತರಕಾರಿ, ಪಾತ್ರೆ ಸಾಗಿಸಲಿಕ್ಕಾದರೂ ಗಾಡಿ ಸಿಗುತ್ತದಲ್ಲ ಎಂದು ಕೇಳಿದರು. ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತದೆ ಎಂದರು ಪೂವಮ್ಮ. ಹಾಗಾದರೆ ಬಸ್ಸಿಗೆ ಫೋನು ಮಾಡುತ್ತೇನೆ ಎಂದು ಅಚ್ಚುತ ಎದ್ದರು.

ಮದುವೆಯ ದಿನ ಪಾತ್ರೆ, ತರಕಾರಿ ಹೊತ್ತ ರೂಪೇಶನ ವ್ಯಾನು ಮೊದಲೇ ಹಾಲ್ ತಲುಪಿತ್ತು. ಹಿಂದಿನಿಂದ ಬಸ್ಸಿನಲ್ಲಿ ದಿಬ್ಬಣ ಹೊರಟಿತು. ಪೂವಮ್ಮ ಹಿಂದಿನ ಸೀಟು ಹುಡುಕುತ್ತಿದ್ದಾಗ ಅಚ್ಚುತ ಮುಂದಿನಿಂದ ಕರೆದರು. "ಇಲ್ಲಿ ಬಾ, ನನ್ನ ಹತ್ತಿರ ಕೂರು. ಎಲ್ಲರನ್ನೂ ಕ್ಷೇಮವಾಗಿ ಕರ್ಕೊಂಡು ಹೋಗ್ತಿರುದು ನೀನೇ," ಎಂದರು.

ಸ್ವಂತ ಗಾಡಿ ಮಾಡಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಬಾಡಿಗೆ ಗೊತ್ತುಮಾಡಿಕೊಂಡು ಗಾಡಿ ಕೊಳ್ಳಿ, ದಾಖಲೆ ಸರಿಯಿಡಿ, ಸರಕು ಹೊರುವ ಜಾಗದಲ್ಲಿ ಒಬ್ಬರನ್ನೂ ಕೂರಿಸಬೇಡಿ. ಗಾಡಿಯಿರುವ ಮನೆಯ ನೆಂಟರೇ, ನಿಮಗೂ ಒಂದು ಮಾತು. ದಯವಿಟ್ಟು ಕೇಳಲೇ ಬೇಡಿ. ನಮ್ಮವರಿಗೆ ಇಲ್ಲ ಎನ್ನುವುದು ಬಹಳ ಕಷ್ಟ.